ಎರಡು ಸಂಘ ಕರಗಿದ ಮೇಲೆ ಉಳಿದ ಉಮ್ಮೆ ಕುಲ್ಸುಂ

ಉಮ್ಮೆ ಕುಲ್ಸುಂಗೆ ಹದಿನಾಲ್ಕು ತಿಂಗಳ ಸಂಬಳ ಬರಬೇಕು. ತಿಂಗಳಿಗೆ ಹನ್ನೊಂದು ಸಾವಿರದಂತೆ ಒಂದು ಲಕ್ಷ ಐವತ್ತನಾಲ್ಕು ಸಾವಿರ. ಮೊತ್ತದ ಬಗ್ಗೆ ಯಾರಿಗೂ ತಕರಾರಿಲ್ಲ. ಆಕೆ ಕೆಲಸ ಮಾಡಿದ್ದನ್ನೂ ಯಾರೂ ಇಲ್ಲ ಎನ್ನುವುದಿಲ್ಲ. ಕೊಡಬೇಕಾದವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಸಂಬಳ ಕೊಡದ ಮಾಲೀಕರ ಗೇಟಿನ ಮುಂದೆ ಕಾರ್ಮಿಕ ಯೂನಿಯನ್ನಿನ ನಾವು ಬೇಕಾದಷ್ಟು ಸಲ ಕೂತಿದ್ದೇವೆ. ಇಲ್ಲಿ ಕೂರೋಣ ಅಂದರೆ ಗೇಟೇ ಇಲ್ಲ.

ಕುಲ್ಸುಂ ಶಿವಾಜಿನಗರದವರು, ಈಗ ಐವತ್ತೆರಡು ವಯಸ್ಸು. ಉರ್ದು ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ, ಫ್ರೇಜರ್ ಟೌನಿನಲ್ಲಿ ಟೈಪಿಂಗ್ ಕಲಿತು ಮಂಜೂರ್ ಸಾಹೇಬರ ಮದುವೆ ಕಾರ್ಡಿನ ಅಂಗಡಿಗೆ ಸೇರಿದರು. ದಂಡಿನ (ಕಂಟೋನ್ಮೆಂಟಿನ) ಕಡೆಯ ಮದುವೆ ಕಾರ್ಡು ಅಂದರೆ ಒಂದೇ ಹಾಳೆಯಲ್ಲಿ ಉರ್ದು, ಕನ್ನಡ, ತಮಿಳು, ಇಂಗ್ಲಿಷ್. ಒಂದೊಂದಕ್ಕೂ ಬೇರೆ ಫಾಂಟು. ಈ ಕಂಪ್ಯೂಟರಿನಲ್ಲಿ ಮಾಡಿದ ಕಾರ್ಡನ್ನು ಪಕ್ಕದ ಪ್ರೆಸ್ಸಿಗೆ ಕೊಂಡುಹೋದರೆ ಮದುಮಗನ ಹೆಸರಿದ್ದ ಕಡೆ ಸಾಲಾಗಿ ಖಾಲಿ ಚೌಕಗಳು. ಈ ಪೀಡೆ ತಾಳಲಾರದೆ ಸುತ್ತಲಿನ ಕಾರ್ಡಿನವರು, ಟೈಪಿಂಗಿನವರು ಸೇರಿ ೧೯೯೮ರಲ್ಲಿ ಮಂಜೂರರ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಗುಂಪು ಕಟ್ಟಿದರು. ದಂಡು ಕಂಪ್ಯೂಟರ್ ಬಳಕೆದಾರರ ಬಳಗ. ಮಂಜೂರ್ ಅಧ್ಯಕ್ಷರು. ಫೋನ್ ಎತ್ತಲು, ತೊಂದರೆ ಕೇಳಿ ಬಗೆಹರಿಸಲು ಸಂಬಳಕ್ಕೆ ಕೂತವರು ಕುಲ್ಸುಂ.

ಅತ್ತ ಜೀವನ್ ಬಿಮಾ ನಗರದಲ್ಲಿ ಇನ್ನೊಂದು ಗುಂಪು. ಕಾರ್ಖಾನೆಗಳಿಂದ ನಿವೃತ್ತರಾದವರು ಭಾನುವಾರ ಬೆಳಗ್ಗೆ ಶ್ರೀರಾಮಪ್ಪನವರ ಕಾರ್ ಶೆಡ್ಡಿನಲ್ಲಿ ಕೂತು ಒಬ್ಬರ ಕಂಪ್ಯೂಟರಿನ ವೈರಸ್ಸನ್ನು ಇನ್ನೊಬ್ಬರು ತೆಗೆಯುತ್ತಿದ್ದರು. ತೆಗೆಯಲು ಹೋಗಿ ತಮ್ಮ ಕಂಪ್ಯೂಟರಿಗೂ ಅಂಟಿಸಿಕೊಳ್ಳುತ್ತಿದ್ದರು. ಇದು ಪೂರ್ವ ಬಡಾವಣೆಗಳ ಕಂಪ್ಯೂಟರ್ ಬಳಕೆದಾರರ ಸಂಘ. ಶ್ರೀರಾಮಪ್ಪ ಕೆ.ಆರ್. ಪುರಂ ಕಡೆಯವರು. ಇಪ್ಪತ್ತೆಂಟು ವರ್ಷ ಸೂಪರ್‌ವೈಸರ್ ಆಗಿದ್ದವರು, ಮಾತಿಗೆ ಮುಂಚೆ ಬೆರಳೆತ್ತುವ ಅಭ್ಯಾಸ. ಸಂಘಕ್ಕೆ ಸಹಾಯಕ್ಕೆ ಜನ ಬೇಕು ಅಂದಾಗ ಮಂಜೂರರೇ ಕುಲ್ಸುಂರನ್ನು ಕಳಿಸಿದರು. ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಎರಡು ಸೀಲು, ಎರಡು ರಸೀದಿ ಪುಸ್ತಕ, ಒಂದೇ ಬ್ಯಾಗು.

ಯಾರು ಫೋನ್ ಮಾಡಿದರೂ ಆಕೆಯ ಮೊದಲ ಪ್ರಶ್ನೆ ಒಂದೇ: "ಪ್ಲಗ್ ಹಾಕಿದೀರಾ ನೋಡಿ." ಅರ್ಧ ಜನರ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ಲಿಪಿಗಳನ್ನು ಕೀಲಿಮಣೆ ನೋಡದೆ ಹೊಡೆಯುವ ಈ ಹೆಂಗಸಿಗೆ ಎಂಜಿನಿಯರುಗಳೂ ಹಲ್ಲು ಕಿರಿದು ಫೋನ್ ಮಾಡುತ್ತಿದ್ದರು. ಸಂಬಳ ಏರಿಸುವ ಮಾತು ಬಂದಾಗ ಮಾತ್ರ ಆ ಹಲ್ಲು ಕಾಣುತ್ತಿರಲಿಲ್ಲ.

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು, ಸದಸ್ಯರು ಉದುರಿದರು. ೨೦೧೬ರಲ್ಲಿ ಎರಡನ್ನೂ ಒಂದು ಮಾಡೋಣ ಅಂತ ಹಲಸೂರಿನ ಒಂದು ಹೋಟೆಲಿನಲ್ಲಿ ಅಧ್ಯಕ್ಷರಿಬ್ಬರೂ ಕೂತರು. ಟಿಪ್ಪಣಿ ಬರೆಯಲು ಕುಲ್ಸುಂ ಇದ್ದರು. ತಗಾದೆ ಬಂದಿದ್ದು ಯಾವ ಸಂಘ ಉಳಿಯಬೇಕು ಅನ್ನುವಲ್ಲಿ.

"ನೀವು ಹಳಬರು ಸಾಹೇಬ್ರೇ, ನಿಮ್ದೇ ಉಳೀಲಿ," ಅಂದರು ಶ್ರೀರಾಮಪ್ಪ.

"ಅರೆ, ಹಾಗೆಲ್ಲ ಆಗಲ್ಲ ಸಾರ್. ನೀವು ಓದ್ದೋರು, ದೊಡ್ಡ ಕಂಪನೀಲಿ ಇದ್ದೋರು. ನಾವು ಬಂದು ನಿಮ್ಮೊಳಗೆ ಸೇರ್ತೀವಿ."

"ಛೆ ಛೆ, ನಾವೇ ಬರ್ತೀವಿ."

ಮೂರು ಸಲ ಟೀ ತರಿಸಿದರು, ಇತ್ಯರ್ಥವಾಗಲಿಲ್ಲ. ಇದರಲ್ಲಿ ಮರ್ಯಾದೆ ಅರ್ಧ, ಮೈಗಳ್ಳತನ ಅರ್ಧ. ಇಬ್ಬರೂ ಆರೇಳು ವರ್ಷದ ವಾರ್ಷಿಕ ವರದಿಯನ್ನು ನೋಂದಣಿ ಕಚೇರಿಗೆ ಕೊಟ್ಟಿರಲಿಲ್ಲ. ಉಳಿದ ಸಂಘ ದಂಡ ಕಟ್ಟಬೇಕಿತ್ತು. ಮುಳುಗಿದ ಸಂಘ ಬಚಾವ್.

ಮುಂದಿನ ಸೋಮವಾರ ಮಂಜೂರ್ ತಮ್ಮ ಕಡೆಯವರನ್ನು ಸೇರಿಸಿ ಠರಾವು ಪಾಸು ಮಾಡಿಸಿದರು: ಬಳಗವನ್ನು ವಿಸರ್ಜಿಸಿ ಜೀವನ್ ಬಿಮಾ ನಗರದ ಸಂಘದಲ್ಲಿ ವಿಲೀನಗೊಳಿಸಲಾಗಿದೆ. ಅದೇ ಗುರುವಾರ ಶ್ರೀರಾಮಪ್ಪನವರ ಶೆಡ್ಡಿನಲ್ಲಿ ಠರಾವು: ಸಂಘವನ್ನು ವಿಸರ್ಜಿಸಿ ಶಿವಾಜಿನಗರದ ಬಳಗದಲ್ಲಿ ವಿಲೀನಗೊಳಿಸಲಾಗಿದೆ. ಎರಡೂ ನೋಂದಣಿ ಕಚೇರಿ ಸೇರಿದವು, ಎರಡೂ ಹೆಸರು ರದ್ದಾದವು. ಎರಡನ್ನೂ ಟೈಪ್ ಮಾಡಿದ್ದು ಕುಲ್ಸುಂ.

"ಟೈಪ್ ಮಾಡ್ವಾಗ ಗೊತ್ತಾಗ್ಲಿಲ್ವೇನಮ್ಮ?" ಅಂತ ಈಚೆಗೆ ನಾನು ಕೇಳಿದೆ.

"ಗೊತ್ತಾಯ್ತು ಸಾರ್. ಸೋಮವಾರ ಇವ್ರು ಅಲ್ಲಿಗೆ ಹೋಗ್ತಾರೆ ಅಂತ ಹೊಡ್ದೆ, ಗುರುವಾರ ಅವ್ರು ಇಲ್ಲಿಗೆ ಬರ್ತಾರೆ ಅಂತ ಹೊಡ್ದೆ. ನಿಕಾಹ್‌ನಲ್ಲಿ ಎರಡೂ ಕಡೆ ಒಪ್ಕೋಬೇಕಲ್ವಾ, ಇದೂ ಹಾಗೇ ಇರ್ಬೇಕು ಅನ್ಕೊಂಡೆ."

ಏಳು ವರ್ಷ ಯಾರಿಗೂ ಏನೂ ಅನ್ನಿಸಲಿಲ್ಲ. ಮಂಜೂರರ ಮೇಲಿನ ಕೋಣೆಗೆ ಹೊಸ ಬೋರ್ಡು ಬಂತು: ಸಂಯುಕ್ತ ಕಂಪ್ಯೂಟರ್ ಬಳಕೆದಾರರ ಒಕ್ಕೂಟ. ಅದನ್ನು ಯಾರೂ ನೋಂದಾಯಿಸಲಿಲ್ಲ. ಸೇರಿದ್ದೇವಲ್ಲ, ಇನ್ನೇನು ಅಂದುಕೊಂಡರು. ಹಣ ಬಳಗದ ಹಳೇ ಬ್ಯಾಂಕ್ ಖಾತೆಯಲ್ಲೇ ಓಡಾಡಿತು. ಪಿಂಚಣಿಯ ಜೀವಿತ ಪ್ರಮಾಣಪತ್ರ ತುಂಬಲು, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಲು ಜನ ಬಂದರು. ಕುಲ್ಸುಂ ಕೂರಿಸಿ ಕಲಿಸಿದರು.

೨೦೨೩ರಲ್ಲಿ ಬ್ಯಾಂಕಿನವರು ಸಂಘದ ಕಾಗದಪತ್ರ ಹೊಸದಾಗಿ ಕೊಡಿ ಅಂದಾಗ ಬಣ್ಣ ಬಯಲಾಯಿತು. ಸತ್ತ ಸಂಘದ ಖಾತೆ ಅಂತ ತಡೆಹಿಡಿದರು. ಕುಲ್ಸುಂ ಸಂಬಳ ಅಲ್ಲಿಗೆ ನಿಂತಿತು. ಕೆಲಸ ನಿಲ್ಲಲಿಲ್ಲ. ಒಬ್ಬರು "ಮುಂದಿನ ತಿಂಗಳು" ಅಂದರು, ಇನ್ನೊಬ್ಬರು "ಅವರು ಕೊಡ್ತಾರೆ" ಅಂದರು. ಓಟಿಪಿ ಬರ್ತಿಲ್ಲ ಅಂತ ಫೋನ್ ಬರುತ್ತಲೇ ಇತ್ತು, ಈಕೆ ಎತ್ತುತ್ತಲೇ ಇದ್ದರು. ಹದಿನಾಲ್ಕು ತಿಂಗಳು. ನನ್ನ ಕೇಳಿದರೆ ಮೂರನೇ ತಿಂಗಳಿಗೇ ಬೀಗ ಜಡಿದು ಬರಬೇಕಿತ್ತು.

ಕೊನೆಗೆ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದೆವು. ಈ ವರ್ಷ ಅಧ್ಯಕ್ಷರಿಬ್ಬರನ್ನೂ ಕರೆಸಿದರು. ಅಧಿಕಾರಿ ಸುಕನ್ಯ ಅರ್ಜಿ ಹಿಡಿದು ಕೂತಿದ್ದರು. ಮಾಲೀಕರ ಹೆಸರಿನ ಜಾಗ ಖಾಲಿ.

"ನೀವು ಕೆಲಸ ಮಾಡಿದ್ದು ಯಾವ ಸಂಘಕ್ಕಮ್ಮ?"

"ಎರಡಕ್ಕೂ ಮೇಡಂ. ಆಮೇಲೆ ಒಂದಕ್ಕೆ."

"ಆ ಒಂದು ಯಾವ್ದು?"

"ಎರಡೂ ಸೇರಿ ಆಗಿದ್ದು."

"ಅದು ಇಲ್ವಲ್ಲ."

"ಬೋರ್ಡ್ ಇದೆ ಮೇಡಂ."

ಮಂಜೂರ್ ಎದ್ದರು. "ನಮ್ಮ ಬಳಗ ಸೋಮವಾರಾನೇ ಖತಂ. ಅವತ್ತಿಂದ ಆಕೆ ಶ್ರೀರಾಮಪ್ಪನವರ ಕಡೆ."

ಶ್ರೀರಾಮಪ್ಪ ಬೆರಳೆತ್ತಿದರು. "ಗುರುವಾರ ನಾವೂ ಮುಚ್ಚಿದ್ವಿ. ಅಲ್ಲಿಂದ ಆಕೆ ಸಾಹೇಬ್ರ ಕಡೆ."

ಸುಕನ್ಯ ಪೆನ್ನು ಕೆಳಗಿಟ್ಟರು. "ತಡೀರಿ. ಸೋಮವಾರ ಇವ್ರು ನಿಮ್ಮೊಳಗೆ ಬಂದ್ರು. ಗುರುವಾರ ನೀವು ಅವ್ರೊಳಗೆ ಹೋದ್ರಿ. ಅವ್ರಾಗ್ಲೇ ನಿಮ್ಮೊಳಗಿದ್ರು. ಹಾಗಾದ್ರೆ ನೀವು ಹೋಗಿದ್ದೆಲ್ಲಿಗೆ ಸಾರ್?"

ಶ್ರೀರಾಮಪ್ಪನವರ ಬೆರಳು ಮೇಲೇ ಉಳಿಯಿತು. ನನಗೂ ಅರ್ಥವಾಗಲಿಲ್ಲ. ಒಂದು ಹಾಳೆಯ ಮೇಲೆ ಎರಡು ಸುತ್ತು ಹಾಕಿ ಬಾಣ ಎಳೆದು ನೋಡಿದೆ. ಬಾಣಗಳು ಸುತ್ತುತ್ತಲೇ ಇದ್ದವು.

ಕುಲ್ಸುಂ ಸಂಬಳದ ಹಳೇ ಚೀಟಿಗಳನ್ನು ಮುಂದಿಟ್ಟರು. ಅದನ್ನು ನೋಡಿ ಸುಕನ್ಯ ಇನ್ನಷ್ಟು ತಲೆ ಕೆರೆದುಕೊಂಡರು. "ಒಕ್ಕೂಟದ ಪರವಾಗಿ ಕೊಟ್ಟೋರು ಅಂತ ನಿಮ್ಮ ಸಹಿ. ತಗೊಂಡೋರು ಅಂತಾನೂ ನಿಮ್ಮದೇ. ಕಾಗದದ ಪ್ರಕಾರ ನಿಮ್ಮ ಮಾಲೀಕರು ನೀವೇ ಕಣಮ್ಮ."

"ಇವ್ರಿಬ್ರೂ 'ನೀವ್ ಹಾಕಿ, ನೀವ್ ಹಾಕಿ' ಅಂತ ಕೂತಿರ್ತಿದ್ರು ಮೇಡಂ. ನಾನೇ ಹಾಕ್ದೆ." ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಹಾಗಾದ್ರೆ ನಾನು ನನ್ ಮೇಲೇ ಕೇಸ್ ಹಾಕಿದೀನಾ?" ಅಂದರು. ತಮಾಷೆಗಲ್ಲ, ನಿಜವಾಗಿ ಕೇಳಿದ್ದು.

ಅಧ್ಯಕ್ಷರಿಬ್ಬರೂ ನಕ್ಕರು. ನಾನು ಒಂದೆರಡು ಕೆಟ್ಟ ಮಾತು ಆಡಿದೆ. ಸುಕನ್ಯ ನನ್ನನ್ನು ಗದರಿಸಿ ಕೂರಿಸಿ ಒಂದು ದಾರಿ ತೋರಿಸಿದರು. ನೋಂದಣಿ ಇಲ್ಲದಿದ್ದರೇನು, ಹೀಗೊಂದು ಒಕ್ಕೂಟ ನಡೆಯುತ್ತಿತ್ತು, ಇವರಿಬ್ಬರು ಅದನ್ನು ನಡೆಸುತ್ತಿದ್ದರು, ಈಕೆ ಅದರ ನೌಕರಳು ಅಂತ ಸದಸ್ಯರು ಬರೆದುಕೊಟ್ಟರೆ ಇಬ್ಬರನ್ನೂ ಹೊಣೆ ಮಾಡಿ ಆದೇಶ ಬರೆಯಬಹುದು. ಹತ್ತು ಜನರಾದರೂ ಬೇಕು.

ಕುಲ್ಸುಂ ಹತ್ತಿರ ಮುನ್ನೂರ ಹನ್ನೆರಡು ಹೆಸರಿನ ಪಟ್ಟಿ ಇದೆ. ಆಕೆ, ನಾನು ಇಬ್ಬರೂ ಕೂತು ಎಲ್ಲರಿಗೂ ಫೋನ್ ಮಾಡಿದೆವು. ಹೆಚ್ಚಿನವರು "ಯಾವ ಸಂಘ?" ಅಂದರು. ಇಂದಿರಾನಗರದ ಒಬ್ಬ ಮಹಾಶಯರು "ಅದು ನಿಂತೋಗಿ ಬಹಳ ವರ್ಷ ಆಯ್ತಲ್ಲ" ಅಂದವರೇ, ಅದೇ ಉಸಿರಿನಲ್ಲಿ "ಮೇಡಂ ಇದಾರಾ, ನನ್ ಪ್ರಿಂಟರ್ ಕೆಲಸ ಮಾಡ್ತಿಲ್ಲ" ಅಂದರು. ಕುಲ್ಸುಂ ಫೋನ್ ತೆಗೆದುಕೊಂಡು ಹತ್ತು ನಿಮಿಷ ಕೂತು ಸರಿ ಮಾಡಿಸಿದರು. ಆ ಮನುಷ್ಯ ಸಹಿ ಹಾಕಲು ಬರಲಿಲ್ಲ. ಇಲ್ಲಿಯವರೆಗೆ ಬಂದಿರುವುದು ನಾಲ್ಕು ಸಹಿ.

ಇದನ್ನು ಓದುತ್ತಿರುವ ನೀವು ಆ ಮುನ್ನೂರ ಹನ್ನೆರಡರಲ್ಲಿ ಒಬ್ಬರಿರಬಹುದು. ಮಂಜೂರರ ಅಂಗಡಿಯ ಕಬ್ಬಿಣದ ಮೆಟ್ಟಿಲು ಹತ್ತಿದ್ದರೆ, ಶ್ರೀರಾಮಪ್ಪನವರ ಶೆಡ್ಡಿನಲ್ಲಿ ಭಾನುವಾರ ಕಳೆದಿದ್ದರೆ, ರಸೀದಿ ಹುಡುಕುತ್ತಾ ಕೂರಬೇಡಿ. ಬರುವ ತಿಂಗಳು ಹತ್ತೊಂಬತ್ತಕ್ಕೆ ವಿಚಾರಣೆ. ಅಷ್ಟರೊಳಗೆ ಒಂದು ಬಿಳಿ ಹಾಳೆ ತೆಗೆದುಕೊಂಡು ನಾನು ಸದಸ್ಯ, ಉಮ್ಮೆ ಕುಲ್ಸುಂ ನಮ್ಮ ನೌಕರಳು, ಆಕೆಯ ಸಂಬಳ ನಾವು ಕೊಡಬೇಕಾದ್ದು ಅಂತ ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ಅಂಚೆಗೆ ಹಾಕಬೇಡಿ, ಕಾರ್ಮಿಕ ಕಚೇರಿಗೆ ನೀವೇ ತಂದು ಸುಕನ್ಯರ ಕೈಗೆ ಕೊಡಿ.