ಎಣ್ಣೆ ಪೈಪಿನೊಳಗಿನ ಅರಳೆ

ಆ ಪೈಪಿನ ಬಾಯಿಗೆ ಅರಳೆ ತುರುಕಿ ಮರೆತವನು ನಾನು, ಮಲ್ಲಣ್ಣನಲ್ಲ. ಮರೆವು ಯಾರಿಗಿಲ್ಲ ಎಂದು ಹೇಳಿ ಅಲ್ಲಿಗೇ ಜಾರಿಕೊಳ್ಳಬಹುದಿತ್ತು. ಆದರೆ ಆಮೇಲೆ ಆ ಅರಳೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡು ಬಾಯಲ್ಲಿ ಮಲ್ಲಣ್ಣನ ಹೆಸರು ಹೇಳಿದೆನಲ್ಲ — ಅದಕ್ಕೇನು ಹೇಳಲಿ? ಮೂವತ್ತು ವರ್ಷಕ್ಕೂ ಮೇಲಾಯಿತು. ಇನ್ನು ಮುಚ್ಚಿಡುವುದು ನನ್ನಿಂದಾಗದು.

ನಾನು ಬೀರಪ್ಪ, ಅರಕೇರಾದವನು. ಮನೆಯವರೆಲ್ಲ ಕುರಿಯ ಹಿಂದೆ ಹೋದರೆ ನಾನು ಬಸ್ಸಿನ ಹಿಂದೆ ಓಡಿದವನು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ರಾಯಚೂರಿಗೆ ಬಂದು ಒಂದು ಗ್ಯಾರೇಜು ಸೇರಿದೆ. ಸೇರಿಸಿದವನು ಮಲ್ಲಣ್ಣ — ಮಸರಕಲ್ಲಿನವನು, ನನಗಿಂತ ಐದಾರು ವರ್ಷ ಹಿರಿಯ. ಗ್ಯಾರೇಜಿನ ಪಕ್ಕದ ಶೆಡ್ಡಿನಲ್ಲಿ ಲೇತ್ ಮಷಿನ್ನಿನ ಮೇಲೆ ಕಬ್ಬಿಣ ಕಡೆಯುವ ಕೆಲಸ ಅವನದು. ನಮ್ಮ ತಾಲ್ಲೂಕಿನವನು ಎಂಬ ಒಂದೇ ಕಾರಣಕ್ಕೆ ಮಾಲೀಕರ ಹತ್ತಿರ ಹೋಗಿ, "ಇವಂದು ಕೈ ಬಾಳ ಚಲೋ ಅದ್ರಿ" ಎಂದು ನನ್ನ ಪರವಾಗಿ ಹೇಳಿದ್ದ. ನನ್ನ ಕೈಕೆಲಸವನ್ನು ಅವನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ನಾನು ಗಡಿಬಿಡಿಯವನು, ಅವನು ನಿಧಾನದವನು. ಮಲ್ಲಣ್ಣನಿಗೆ ಕೆಲಸ ಕೊಟ್ಟರೆ ಮುಂದಿನ ಸುಗ್ಗಿಗೆ ಸಿಗುತ್ತದೆ ಎಂದು ಊರೆಲ್ಲ ನಗುತ್ತಿತ್ತು. ನಗುತ್ತಲೇ ಅವನ ಹತ್ತಿರವೇ ಬರುತ್ತಿತ್ತು. ಅವನ ಕೈಯಿಂದ ಹೋದ ಕೆಲಸ ತಿರುಗಿ ಬಂದದ್ದಿಲ್ಲ. ಅದೊಂದೇ ಅವನ ಜಂಬ, ಬೇರೆ ಯಾವುದಕ್ಕೂ ಅವನು ಜಂಬ ಪಟ್ಟವನಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ಶರಣಪ್ಪ ಸಾಹುಕಾರರಿಗೆ ಕಾರಿನ ಹುಚ್ಚು. ಹೈದರಾಬಾದಿನಿಂದ ಒಂದು ವಿದೇಶಿ ಕಾರು ತಂದಿದ್ದರು — ಕೆಂಪು ಬಣ್ಣ, ಎರಡೇ ಬಾಗಿಲು, ಆರು ಸಿಲಿಂಡರಿನ ಇಂಜಿನ್. ಹತ್ತಿಯ ಬಂಡಿಗಳ ಹಿಂದೆ ಹಾರನ್ ಹೊಡೆಯುತ್ತ ನಿಲ್ಲುವ ರಸ್ತೆಗಳಲ್ಲಿ ಅಂಥ ಕಾರು ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದೂ ಸಾಲದೆ, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಭಾಮೈದ ಪರದೇಶದಿಂದ ಒಂದು ಮರದ ಪೆಟ್ಟಿಗೆ ತಂದುಕೊಟ್ಟ. ಅದರೊಳಗೆ ಹುಲ್ಲಿನ ನಡುವೆ ಬಸವನಹುಳುವಿನ ಚಿಪ್ಪಿನಂಥ ಎರಡು ಕಬ್ಬಿಣದ ವಸ್ತುಗಳು, ಸುತ್ತ ಪೈಪುಗಳು, ಬೋಲ್ಟುಗಳು. ಟರ್ಬೊ ಅಂತೆ, ಅದೂ ಜೋಡಿ ಟರ್ಬೊ. ಇಂಜಿನ್ ಉಗುಳುವ ಹೊಗೆಯೇ ಒಳಗಿನ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೇ ತಿನ್ನಿಸುತ್ತದೆ. ಕಾರು ಹುಚ್ಚು ಹಿಡಿದಂತೆ ಓಡುತ್ತದೆ. ರಾಯಚೂರಿನಲ್ಲಿ ಅದನ್ನು ಕಣ್ಣಿಂದ ಕಂಡವರಿರಲಿಲ್ಲ. ಕೂಡಿಸುತ್ತೇನೆ ಎಂದು ಮೊದಲು ಬಾಯಿ ಹಾಕಿದವನು ನಾನೇ.

ಸಾಹುಕಾರರು ಆಗ ಮಾನ್ವಿಯಲ್ಲಿ ಇನ್ನೊಂದು ಗಿರಣಿ ಕಟ್ಟುತ್ತಿದ್ದರು. ಅದರ ವರ್ಕ್‌ಶಾಪಿಗೆ ಮಲ್ಲಣ್ಣನನ್ನೇ ಮುಖ್ಯಸ್ಥನನ್ನಾಗಿ ಮಾಡುವುದೆಂದು ಮಾತಾಗಿತ್ತು. ಹೊಸ ಲೇತು, ಇರಲು ಮನೆ. ಮಲ್ಲಣ್ಣನ ಹೆಂಡತಿ ನೀಲಮ್ಮ ಮಾನ್ವಿಗೆ ಹೋಗಿ ಆ ಮನೆಯನ್ನು ನೋಡಿಕೊಂಡೂ ಬಂದಿದ್ದಳು. "ಅಡಿಗಿಮನಿಗೆ ಕಿಟಕಿ ಅದ ಬೀರಪ್ಪಾ" ಎಂದು ನನಗೆ ಎರಡು ಸಲ ಹೇಳಿದ್ದಳು.

ಆ ಟರ್ಬೊ ಕೂಡಿಸುವ ಕೆಲಸ ಮಾಡಿದ ಹದಿನೈದು ದಿನಗಳು — ಪಾಪದ ಕಥೆ ಹೇಳುವಾಗ ಇದನ್ನು ಹೇಳಬಾರದೇನೋ — ನನ್ನ ಬದುಕಿನ ಅತ್ಯಂತ ಸುಖದ ದಿನಗಳು. ಹಳೆಯ ಸೈಲೆನ್ಸರ್ ಕೊಳವೆ ಬಿಚ್ಚಿ, ಇಂಜಿನ್ನಿನ ಎರಡೂ ಬದಿಗೆ ಟರ್ಬೊ ಕೂಡಿಸಿ, ಒಂದೊಂದೇ ಪೈಪು ಹೊಂದಿಸಿದೆ. ಪೆಟ್ಟಿಗೆಯ ಜೊತೆ ಬಂದಿದ್ದ ಕಿತಾಬಿನ ಇಂಗ್ಲಿಷು ನನಗೆ ಬರುತ್ತಿರಲಿಲ್ಲ, ಚಿತ್ರ ನೋಡಿಯೇ ಎಲ್ಲ ಮಾಡಿದೆ. ಎಡಗಡೆಯದು ಸಲೀಸಾಗಿ ಕೂತಿತು. ಬಲಗಡೆಯದು ಕೂಡಲಿಲ್ಲ. ಪೆಟ್ಟಿಗೆಯ ಸಾಮಾನು ಎಡಗಡೆ ಸ್ಟೀರಿಂಗ್ ಇರುವ ಕಾರಿಗೆಂದು ಮಾಡಿದ್ದು, ನಮ್ಮದು ಬಲಗಡೆ. ಟರ್ಬೊಗೆ ಎಣ್ಣೆ ಒಯ್ಯುವ ಸಣ್ಣ ಪೈಪು ಸ್ಟೀರಿಂಗಿನ ಸಲಾಕೆಗೆ ತಾಗುತ್ತಿತ್ತು.

ಮಲ್ಲಣ್ಣನ ಹತ್ತಿರ ಹೋದೆ. ಅವನು ಬಂದು ಬಾನೆಟ್ಟಿನೊಳಗೆ ತಲೆ ಹಾಕಿ ಅರ್ಧ ತಾಸು ಸುಮ್ಮನೆ ನೋಡಿದ. ಮೂರು ದಿನಕ್ಕೆ ಹೊಸ ಪೈಪು ತಂದ — ಎರಡು ತುದಿಗೂ ಹಿತ್ತಾಳೆಯ ನಟ್ಟು ಕಡೆದು ಕೂಡಿಸಿದ್ದ, ಬಾಗು ಎಷ್ಟು ಬೇಕೋ ಅಷ್ಟೇ. ಕೊಡುವ ಮೊದಲು ಒಂದು ತುದಿಗೆ ಬಾಯಿಟ್ಟು ಊದಿ, ಇನ್ನೊಂದು ತುದಿಯನ್ನು ನನ್ನ ಕೆನ್ನೆಗೆ ಹಿಡಿದ. ಗಾಳಿ ಬಂದು ತಾಗಿತು. ಇಬ್ಬರೂ ನಕ್ಕೆವು.

ಇನ್ನು ಅರಳೆಯ ವಿಷಯ. ಸುಗ್ಗಿಯ ಕಾಲದಲ್ಲಿ ರಾಯಚೂರಿನ ಗಾಳಿಯಲ್ಲಿ ಧೂಳೂ ಹತ್ತಿಯೂ ಕೂಡಿಯೇ ಹಾರುತ್ತವೆ. ಬಿಚ್ಚಿದ ಪೈಪಿನ ಬಾಯಿಗೆ ಧೂಳು ಹೋಗದಿರಲೆಂದು ನಾವು ಮೆಕ್ಯಾನಿಕ್ಕುಗಳು ಒಂದು ಚಿಟಿಕೆ ಅರಳೆ ತುರುಕುತ್ತಿದ್ದೆವು. ಗಿರಣಿಯ ಊರು, ಎಲ್ಲರ ಕಿಸೆಯಲ್ಲೂ ಅರಳೆ ಇರುತ್ತಿತ್ತು. ಅದಕ್ಕೊಂದು ಕಟ್ಟಳೆ ಇತ್ತು: ಅರಳೆಯ ಬಾಲ ಹೊರಗೆ ಬೆರಳುದ್ದ ಇಳಿಬಿದ್ದಿರಬೇಕು, ಕಣ್ಣಿಗೆ ಕಾಣಬೇಕು. ಮಲ್ಲಣ್ಣನ ಪೈಪಿಗೂ ಹಾಗೇ ತುರುಕಿದ್ದೆ. ನಟ್ಟು ಹಿಡಿಸುವಾಗ ಬಾಲ ನಡುವೆ ಸಿಕ್ಕುತ್ತಿತ್ತು. ಚಿವುಟಿ ಬಿಸಾಡಿದೆ. ಒಳಗಿನದನ್ನು ಆಮೇಲೆ ಕೊಕ್ಕೆಯಿಂದ ತೆಗೆದರಾಯಿತು ಅಂದುಕೊಂಡೆ... ಅಷ್ಟರಲ್ಲಿ ಸಾಹುಕಾರರು ಬಂದು, "ಇವತ್ತು ಓಡಿಸೂದೇ" ಎಂದು ಕುಣಿಯತೊಡಗಿದರು. ನನಗೂ ಅದೇ ಉಮೇದು. ಪಾನಾ ಹಾಕಿ ಬಿಗಿದುಬಿಟ್ಟೆ.

ದೇವದುರ್ಗದ ರಸ್ತೆ ಹಿಡಿದೆವು — ಸಾಹುಕಾರರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು. ಟರ್ಬೊ ಶಿಳ್ಳೆ ಹಾಕತೊಡಗಿದಾಗ ಬೆನ್ನು ಸೀಟಿಗೆ ಅಂಟಿಕೊಂಡಿತು. ನಾನು ಮಕ್ಕಳ ಹಾಗೆ ಕೂಗಿದೆ. ಗಬ್ಬೂರು ಹತ್ತಿರ ಬಂದಾಗ ಶಿಳ್ಳೆ ಹೋಗಿ ಕಬ್ಬಿಣ ಅರಚುವ ಸದ್ದಾಯಿತು. ಹಿಂದೆ ನೀಲಿ ಹೊಗೆ ರಸ್ತೆ ತುಂಬಿತು. ಕಾರು ನಿಂತಿತು.

ಸಾಹುಕಾರರು ಬೇವಿನ ಮರದ ನೆರಳಿಗೆ ಹೋದರು. ನಾನು ಬಟ್ಟೆ ಸುತ್ತಿದ ಕೈಯಲ್ಲಿ ಬಲಗಡೆಯ ಪೈಪು ಬಿಚ್ಚಿದೆ. ಬಾಯಲ್ಲೇ ಕೂತಿತ್ತು ಅರಳೆ, ಕರ್ರಗೆ, ಎಣ್ಣೆ ಕುಡಿದು. ನೋಡಿದ ಕೂಡಲೇ ಎಲ್ಲ ತಿಳಿಯಿತು. ಎಣ್ಣೆ ಸಿಗದೆ ಟರ್ಬೊ ಸುಟ್ಟುಹೋಗಿತ್ತು. ಅರಳೆಯನ್ನು ಎಳೆದು ಮುಷ್ಟಿ ಮುಚ್ಚಿದೆ.

"ಏನಾತೋ?"

"ಎಣ್ಣಿ ಹೋಗಿಲ್ರಿ."

"ಯಾಕ ಹೋಗಿಲ್ಲ?"

"ಪೈಪು ಮಲ್ಲಣ್ಣ ಮಾಡಿದ್ರಿ."

ಇಷ್ಟೇ ನಾನು ಹೇಳಿದ್ದು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಷ್ಟು ವರ್ಷ ಈ ಮಾತನ್ನೇ ನನಗೆ ನಾನು ಹೇಳಿಕೊಂಡು ಸಮಾಧಾನಪಟ್ಟೆ! ಸಾಹುಕಾರರೇ ಮುಂದುವರಿಸಿದರು: "ಒಳಗ ತೂತು ಸಣ್ಣದು ಇಟ್ಟಾನ ಮಗಾ." ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವರು ಪೈಪನ್ನು ನನ್ನ ಕೈಯಿಂದ ಕಿತ್ತುಕೊಂಡು ರಸ್ತೆ ಬದಿಯ ಹೊಲಕ್ಕೆ ಬೀಸಿ ಒಗೆದರು.

ಮಾರನೆಯ ದಿನ ಮಲ್ಲಣ್ಣ ಕೇಳಿದ್ದು ಒಂದೇ. "ಪೈಪು ಎಲ್ಲದ? ನನಗ ತೋರ್ಸು. ಊದಿ ಕೊಟ್ಟೀನಿ ಬೀರ್ಯಾ, ನಿನ್ನ ಗಲ್ಲಕ್ಕ ಗಾಳಿ ಬಂತಲ್ಲೋ?" ಹೊಲಕ್ಕೆ ಒಗೆದರು ಎಂದೆ. ಹುಡುಕುತ್ತೇನೆಂದು ಬಸ್ಸು ಹತ್ತಿದ. ನಾನೂ ಹತ್ತಿದೆ.

ಎರಡು ದಿನ ಹುಡುಕಿದೆವು. ಹತ್ತಿ ಬಿಡಿಸಿ ಮುಗಿದ ಹೊಲ. ಒಣಗಿದ ಕಟ್ಟಿಗೆ, ಬಿರುಕು ಬಿಟ್ಟ ಎರೆಮಣ್ಣು. ಮಲ್ಲಣ್ಣ ಸಾಲು ಸಾಲು ಬಗ್ಗಿ ನೋಡುತ್ತ ಹೋಗುತ್ತಿದ್ದ. ಎರಡನೆಯ ದಿನ ಮಧ್ಯಾಹ್ನ ಅದು ನನ್ನ ಕಣ್ಣಿಗೆ ಬಿತ್ತು — ಹಿತ್ತಾಳೆಯ ನಟ್ಟು ಬಿಸಿಲಿಗೆ ಹೊಳೆಯುತ್ತಿತ್ತು. ಅವನು ನನ್ನಿಂದ ಹತ್ತು ಮಾರು ದೂರದಲ್ಲಿದ್ದ. ಕೂಗಿದ್ದರೆ ಸಾಕಿತ್ತು. ನಾನು ಕಾಲಿನಿಂದ ಅದನ್ನು ಬಿರುಕಿನೊಳಗೆ ದೂಡಿ, ಮೇಲೆ ಮಣ್ಣು ಎಳೆದೆ. "ಇಲ್ಲೂ ಇಲ್ಲೋ ಅಣ್ಣಾ" ಎಂದೆ.

ಮಾನ್ವಿಯ ವರ್ಕ್‌ಶಾಪನ್ನು ಸಾಹುಕಾರರು ನನಗೆ ಕೊಟ್ಟರು. ಬೇಡ ಎನ್ನಲಿಲ್ಲ ನಾನು. ಅಡಿಗೆಮನೆಗೆ ಕಿಟಕಿಯಿದ್ದ ಆ ಮನೆಯಲ್ಲಿ ನನ್ನ ಇಬ್ಬರು ಮಕ್ಕಳು ಹುಟ್ಟಿದರು. ಬದುಕು ಚೆನ್ನಾಗಿ ನಡೆಯಿತು. ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನಾನು ಸುಖವಾಗಿದ್ದೆ, ಹೊಟ್ಟೆ ತುಂಬ ನಗುತ್ತಿದ್ದೆ, ಈಗಲೂ ಇದ್ದೇನೆ. ಕಾರಿನಿಂದ ಟರ್ಬೊಗಳನ್ನು ತೆಗೆಸಿ ಸಾಹುಕಾರರು ಆ ಕಾರನ್ನೇ ಮಾರಿದರು. ಅವರೂ ತೀರಿಕೊಂಡು ಬಹಳ ಕಾಲವಾಯಿತು. ಮಲ್ಲಣ್ಣನ ಹತ್ತಿರ ಮಾತ್ರ ಜನ ಬರುವುದು ಕಡಿಮೆಯಾಯಿತು. ಅವನು ದೇವದುರ್ಗಕ್ಕೆ ಹೋಗಿ ಪಂಪುಸೆಟ್ಟಿನ ರಿಪೇರಿ ಅಂಗಡಿ ಇಟ್ಟ. ಆಗಾಗ ಯಾರದೋ ಮದುವೆಯಲ್ಲಿ ಸಿಕ್ಕರೆ ಮೊದಲು ಅವನೇ ಬಂದು ಮಾತಾಡಿಸುತ್ತಿದ್ದ.

ಕಳೆದ ತಿಂಗಳು ಅಂಥದೇ ಒಂದು ಮದುವೆ. ಊಟಕ್ಕೆ ಕೂತಾಗ ನೀಲಮ್ಮ ಮಾತಿನ ಮೇಲೆ ಮಾತು ಬಂದು ಅಂದಳು: "ನಮ್ಮವ್ರು ಈಗೂ ಒಂದ್ ಪೈಪು ಮಾಡಿದ್ರ ಮೂರು ಮೂರು ಸಲ ನೋಡ್ತಾರ. ತಮ್ಮ ಕೈ ಮ್ಯಾಲ ತಮಗ ನಂಬಿಕಿಲ್ಲ. ಆ ಕಾರಿನ ಕೆಲಸ ಕೆಟ್ಟಾಗಿಂದ ಹಿಂಗ." ನಾನು ಎಲೆಯ ಮುಂದಿನಿಂದ ಎದ್ದುಬಿಟ್ಟೆ. ನಾನು ಅವನಿಂದ ಕಿತ್ತುಕೊಂಡದ್ದು ಮಾನ್ವಿಯ ಮನೆ ಅಂದುಕೊಂಡಿದ್ದೆ. ಅವನ ಜಂಬವನ್ನೇ ಕಿತ್ತುಕೊಂಡಿದ್ದೆ.

ಎರಡು ದಿನ ಬಿಟ್ಟು ದೇವದುರ್ಗಕ್ಕೆ ಹೋದೆ. ಅಂಗಡಿಯಲ್ಲಿ ಅವನು ಓಡಿಸುತ್ತಿದ್ದ ಲೇತಿನ ಪಕ್ಕ ನಿಂತುಕೊಂಡೇ ಅರಳೆಯ ವಿಷಯ ಹೇಳಿದೆ. ಮಲ್ಲಣ್ಣ ಮೊದಲು ನಂಬಲಿಲ್ಲ. ಇನ್ನೊಮ್ಮೆ ಹೇಳಿಸಿದ. ಆಮೇಲೆ ಒಳಗೆ ಮುಖ ಮಾಡಿ, "ನೀಲವ್ವಾ, ಬಾ ಇಲ್ಲಿ! ಪೈಪು ನಂದು ಬರೋಬ್ಬರಿ ಇತ್ತಂತ!" ಎಂದು ಕೂಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಖುಷಿಯಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟಕ್ಕೇ ನಿಲ್ಲಿಸಿ ಚಹ ಕುಡಿದು ಬರಬಹುದಿತ್ತು. ಆದರೆ ಹೊಲದಲ್ಲಿ ಕಾಲಿನಿಂದ ಮಾಡಿದ್ದು ಇನ್ನೂ ಉಳಿದಿತ್ತು. ಅದನ್ನೂ ಹೇಳಿದೆ.

ಮಲ್ಲಣ್ಣ ಲೇತು ಬಂದ್ ಮಾಡಿದ. ಬಹಳ ಹೊತ್ತು ಕೈ ಒರೆಸಿಕೊಂಡ. "ಎಲ್ಲಾರೂ ಕೈ ಬಿಟ್ರು ಅವಾಗ," ಎಂದ ಮೆಲ್ಲಗೆ. "ನೀ ಒಬ್ಬಾವ ಎರಡು ದಿನ ಬಿಸಲಾಗ ನನ್ನ ಜೋಡಿ ಹುಡುಕಿದಿ ಅಂತ... ಅದೊಂದು ನೆನಸ್ಕೊಂಡು ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ ಬೀರ್ಯಾ."

ಕ್ಷಮಿಸು ಎನ್ನುವ ಯೋಗ್ಯತೆ ನನಗಿರಲಿಲ್ಲ; ಕೇಳಲಿಲ್ಲ. ಹೊರಟು ಹೋಗು ಎಂದು ಅವನೂ ಹೇಳಲಿಲ್ಲ. ಅಷ್ಟರಲ್ಲಿ ರೈತರೊಬ್ಬರು ಪಂಪಿನ ಶಾಫ್ಟು ಹೊತ್ತುಕೊಂಡು ಒಳಗೆ ಬಂದರು. ಮಲ್ಲಣ್ಣ ಅದನ್ನು ಇಸಿದುಕೊಂಡು, ನನ್ನ ಕಡೆ ನೋಡದೆ, "ಇವ್ರಿಗೂ ಹೇಳು" ಎಂದ.

ನಾನು ಅವರ ಹೆಸರು ಕೇಳಿಕೊಂಡು, ಕೂರಲು ಸ್ಟೂಲು ಸರಿಸಿ, ಮೊದಲಿನಿಂದ ಹೇಳಲು ಶುರು ಮಾಡಿದೆ. ಏನನ್ನೂ ಬಿಡಲಿಲ್ಲ.