ಹೊಯಿ ಆನ್‌ನಲ್ಲಿ ಜಲಜಕ್ಕನ ಒಂದು ದಿನದ ಖರ್ಚು

ಐವತ್ತು ದಾಟಿದ ಮೇಲೆ ಜಲಜಕ್ಕ ಸೈಕಲ್ ಕಲಿತದ್ದು ದಿನದ ಖರ್ಚು ತಗ್ಗಿಸುವುದಕ್ಕಾಗಿ. ಅದೂ ದುಬೈಯ ಖರ್ಚಲ್ಲ. ತಾವಿನ್ನೂ ಕಂಡಿರದ, ವಿಯೆಟ್ನಾಮಿನ ಹೊಯಿ ಆನ್ ಎಂಬ ಪುಟ್ಟ ಊರಿನ ಖರ್ಚು.

ದುಬೈಯ ಅಲ್ ಕುಸೈಸ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ನಾವಿಬ್ಬರೂ ಒಂದೇ ಕೋಣೆ ಹಂಚಿಕೊಂಡಿದ್ದೆವು. ನಾನು ಮೈಸೂರಿನಿಂದ ಹೊಸದಾಗಿ ಬಂದವಳು. ಅವರು ಉಡುಪಿ ಕಡೆಯವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನ ಆಫೀಸಿನಲ್ಲಿ ಕೆಲಸ. ಮದುವೆಯಾಗಿರಲಿಲ್ಲ. ತಂಗಿಯರ ಮದುವೆ, ತಮ್ಮನ ಅಂಗಡಿ ಎಲ್ಲವೂ ಅವರ ಸಂಬಳದಲ್ಲೇ ಆದದ್ದು. ರಜೆ ಸಿಕ್ಕರೆ ಊರು, ಊರಿಗೆ ಹೋದರೆ ಯಾರದಾದರೂ ಕೆಲಸ. ಅಂಥವರು ಒಂದು ದಿನ ಫೋನಿನಲ್ಲಿ ನದಿದಂಡೆಯ ಹಳದಿ ಗೋಡೆಗಳನ್ನೂ ಸಾಲು ಗೂಡುದೀಪಗಳನ್ನೂ ತೋರಿಸಿ, “ಈ ಸಲ ಇಲ್ಲಿಗೆ ಹೋಗುವ. ನೀನೂ ಬಾ,” ಅಂದರು.

ಅಂದಿನಿಂದ ಊಟವಾದ ಮೇಲೆ ಮಂಚದ ಮೇಲೆ ಕಾಲು ಮಡಚಿ ಕೂತು, ಆ ಊರಿನ ಒಂದು ದಿನವನ್ನು ಬಾಯಿಯಲ್ಲೇ ಕಳೆಯುವುದು ಅವರ ಅಭ್ಯಾಸವಾಯಿತು. “ಬೆಳಿಗ್ಗೆ ಎದ್ದೆವು. ಕಾಫಿ ಆಯ್ತು. ಇನ್ನು ಎಂತ?” ಒಂದೊಂದಕ್ಕೂ ಬೆಲೆ ಹುಡುಕಿ ದಿರ್ಹಮ್ಮಿಗೆ ಇಳಿಸುವುದು ನನ್ನ ಪಾಲು. ಕೋಣೆ, ಊಟ, ಹಳೇ ಪೇಟೆ ನೋಡುವ ಟಿಕೆಟ್ಟು ಎಲ್ಲ ಮುಗಿದರೂ ಸ್ವಲ್ಪ ಹಣ ಬೇರೆಯೇ ತೆಗೆದಿಡುತ್ತಿದ್ದರು.

“ಅದು ಯಾತಕ್ಕೆ?”

“ಸುಮ್ಮನೆ. ಎಲ್ಲದಕ್ಕೂ ಕಾರಣ ಕೊಟ್ಟು ಕೊಟ್ಟು ಸಾಕಾಗಿದೆ ಮಾರಾಯ್ತಿ. ಇದಕ್ಕೆ ಕಾರಣ ಕೇಳಬೇಡ.”

ಟ್ಯಾಕ್ಸಿ ಸೇರಿಸಿದಾಗ ದಿನಕ್ಕೆಂದು ಇಟ್ಟ ಲೆಕ್ಕ ಮೀರಿತು. ‘ಸುಮ್ಮನೆ’ ಹಣವನ್ನು ಬಿಡೋಣ ಎಂದೆ. ಅವರು ಟ್ಯಾಕ್ಸಿಯನ್ನೇ ಬಿಟ್ಟರು.

“ಅಲ್ಲಿ ಎಲ್ಲರೂ ಸೈಕಲ್ಲಿನಲ್ಲಿ ತಿರುಗ್ತಾರಂತೆ. ಬಾಡಿಗೆಗೆ ಸಿಗ್ತದೆ.”

“ನಿಮಗೆ ಸೈಕಲ್ ಬರುತ್ತಾ ಜಲಜಕ್ಕ?”

“ಈಗ ಬರುವುದಿಲ್ಲ.”

ಪಕ್ಕದ ಮನೆಯವರ ಸೈಕಲ್ ಕೇಳಿ ತಂದು, ರಜೆಯ ಶುಕ್ರವಾರಗಳಂದು ಬಿಸಿಲೇರುವ ಮುಂಚೆ ಹತ್ತಿರದ ಪಾರ್ಕಿಗೆ ಹೋಗುತ್ತಿದ್ದೆವು. ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅವರು ಹತ್ತುವುದು, ಹಿಂದೆ ಸೀಟು ಹಿಡಿದು ನಾನು ಓಡುವುದು. ಮೊಣಕಾಲು ತರಚಿತು, ಮೊಣಕೈ ತರಚಿತು. ನಾನು ಸೀಟು ಬಿಟ್ಟೆನೆಂದು ಗೊತ್ತಾದ ಕೂಡಲೇ ಬೀಳುತ್ತಿದ್ದರು.

ಹೊರಡುವುದಕ್ಕೆ ಕೆಲವು ದಿನ ಮುಂಚೆ ತಮ್ಮನ ಫೋನು ಬಂತು. ಅಂಗಡಿಗೆ ಇನ್ನೊಂದು ಕೋಣೆ ಸೇರಿಸಲು ಹಣ ಬೇಕಂತೆ. ಜಲಜಕ್ಕ ತುಳುವಿನಲ್ಲಿ ಮಾತಾಡುತ್ತಾ ಕಿಟಕಿಯ ಹತ್ತಿರ ಹೋಗಿ ನಿಂತರು. ಫೋನಿಟ್ಟು ನನ್ನ ಕಡೆ ತಿರುಗಿದರು.

“ಈ ಸಲ ಆಗುವುದಿಲ್ಲ ಹೇಳಿದೆ. ಯಾಕೆ ಕೇಳಿದ. ತಿರುಗಾಡ್ಲಿಕ್ಕೆ ಹೋಗ್ತಾ ಇದ್ದೇನೆ ಹೇಳಿದೆ.” ದುಪಟ್ಟಾವನ್ನು ಸೊಂಟಕ್ಕೆ ಬಿಗಿಯುತ್ತಾ, “ನಡಿ, ಪಾರ್ಕಿಗೆ ಹೋಗುವ,” ಅಂದರು.

ಆ ಸಂಜೆ ನನ್ನನ್ನು ಸೀಟು ಮುಟ್ಟಲು ಬಿಡಲಿಲ್ಲ. ಓಲಾಡುತ್ತಾ, ತುಟಿ ಕಚ್ಚಿಕೊಂಡು, ಪಾರ್ಕಿನ ಪೂರ್ತಿ ಒಂದು ಸುತ್ತು ಒಬ್ಬರೇ ಹೋಗಿ ಬಂದರು. ಇಳಿಯುವುದು ತಿಳಿಯದೆ ಇನ್ನೊಂದು ಸುತ್ತು ಹೋದರು.

ಹೊಯಿ ಆನ್‌ನಲ್ಲಿ ಗದ್ದೆಗಳ ನಡುವಿನ ದಾರಿಯಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ಸಮುದ್ರದವರೆಗೂ ಅವರೇ ಮುಂದೆ, ನಾನು ಹಿಂದೆ. ಸಂಜೆ ‘ಸುಮ್ಮನೆ’ ಹಣ ಕೊಟ್ಟು ನದಿಯಲ್ಲಿ ದೋಣಿ ಹತ್ತಿದೆವು. ದೋಣಿಯ ಮುದುಕಿ ಎಲ್ಲಿಗೆಂದು ಕೈಸನ್ನೆಯಲ್ಲಿ ಕೇಳಿದಾಗ ಜಲಜಕ್ಕ ನಕ್ಕು, ಎಲ್ಲಿಗೂ ಇಲ್ಲವೆಂದು ಕೈಯಾಡಿಸಿದರು. ಮುನಿಸಿಕೊಂಡಿದ್ದ ತಮ್ಮ, ವಾಪಸು ಬಂದ ಮೇಲೆ ತಾನಾಗಿಯೇ ಫೋನು ಮಾಡಿ ಫೋಟೋ ಕಳಿಸಲು ಹೇಳಿದ.

ಎರಡು ವರ್ಷದ ನಂತರ ಅವರು ಕೆಲಸ ಬಿಟ್ಟು ದುಬೈಗೆ ಖಲಾಸ್ ಹೇಳಿದರು. ಬೀಳ್ಕೊಡಲು ವಿಮಾನ ನಿಲ್ದಾಣಕ್ಕೆ ಹೋದವಳು ನಾನೊಬ್ಬಳೇ. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ.

“ಗೊತ್ತಿಲ್ಲ,” ಅಂದರು. ಆಮೇಲೆ ನನ್ನ ಭುಜ ಹಿಡಿದು, “ಹಾಗೆ ಹೇಳ್ಲಿಕ್ಕೆ ಎಷ್ಟು ಹಗುರ ಆಗ್ತದೆ ನೋಡು,” ಅಂದರು.

ಪಾಸ್‌ಪೋರ್ಟು ಕೈಯಲ್ಲಿ ಹಿಡಿದು, ಸಾಲಿನಲ್ಲಿ ಮುಂದಿದ್ದ ಹೆಂಗಸಿನೊಂದಿಗೆ ಆಗಲೇ ಮಾತಿಗಿಳಿದು, ಅವರು ಒಳಗೆ ನಡೆದರು.