ಎಕ್ಸ್‌ರೇ ಅಕ್ಕ ಬಿಟ್ಟುಕೊಡದ ಚಿತ್ರ

ಎಕ್ಸ್‌ರೇ ಅಕ್ಕನ ಕೆಳದವಡೆ ಎಡಕ್ಕೆ ವಾಲಿತ್ತು. ಬಾಯಿ ತೆರೆದಾಗಲೆಲ್ಲ ಕಿವಿಯ ಹತ್ತಿರ ‘ಟಕ್’ ಎಂದು ಸದ್ದಾಗುತ್ತಿತ್ತು, ಎದುರು ಕೂತವರಿಗೂ ಕೇಳುವಷ್ಟು. ಊಟದ ಡಬ್ಬಿಯಲ್ಲಿ ದಿನವೂ ಮೊಸರನ್ನ. ಚಪಾತಿ ಅಗಿಯಲು ಅವರಿಂದ ಆಗುತ್ತಿರಲಿಲ್ಲ.

ನಾನು ಕಾಲೇಜು ಮುಗಿಸಿ ವಿಜಯನಗರದ ಆ ಹಲ್ಲಿನ ಕ್ಲಿನಿಕ್ಕಿಗೆ ಡಾಕ್ಟರಾಗಿ ಸೇರಿದಾಗ ಅಕ್ಕ ಅಲ್ಲಿ ಬಹಳ ವರ್ಷಗಳಿಂದ ಎಕ್ಸ್‌ರೇ ತೆಗೆಯುತ್ತಿದ್ದರು. ನಾನು ತೆಗೆದ ಚಿತ್ರಗಳಲ್ಲಿ ಹಲ್ಲುಗಳು ನುಗ್ಗೇಕಾಯಿಯಂತೆ ಉದ್ದವಾಗಿರುತ್ತಿದ್ದವು, ಇಲ್ಲವೇ ಅರ್ಧ ಚಿತ್ರ ಬರೀ ಬಿಳಿ. ಅಕ್ಕ ನಗುತ್ತಿರಲಿಲ್ಲ. ಕೋನ ತಪ್ಪಿದರೆ ಹಲ್ಲು ಎಳೆದಂತೆ ಕಾಣುತ್ತದೆ, ಯಂತ್ರದ ಕೊಳವೆಯ ಗುರಿ ತಪ್ಪಿದರೆ ಆ ಭಾಗಕ್ಕೆ ಕಿರಣವೇ ತಲುಪುವುದಿಲ್ಲ ಎಂದು ನನ್ನ ಕೈ ಹಿಡಿದು ತಿರುಗಿಸಿ ತೋರಿಸುತ್ತಿದ್ದರು. ಕೆಟ್ಟ ಚಿತ್ರವನ್ನು ಎಸೆಯುವ ಮೊದಲು ಅದು ಯಾಕೆ ಕೆಟ್ಟಿತೆಂದು ನಾನು ಬಾಯಿಬಿಟ್ಟು ಹೇಳಲೇಬೇಕಿತ್ತು.

ಅವರ ದವಡೆ ಮುರಿದವನು ಗಂಡ. ತವರಿಗೆ ಫೋನ್ ಮಾಡಿದ್ದಕ್ಕೆ ಕುಕ್ಕರಿನ ಮುಚ್ಚಳ ಬೀಸಿದ್ದ. ಆಗ ತೆಗೆಸಿದ ಎಕ್ಸ್‌ರೇ ಮಸುಕಾಗಿತ್ತು. ನೋವಿಗೆ ನಡುಗಿದ್ದರಿಂದ ಹಾಗೆ ಬಂದಿದೆ ಎಂದ ಡಾಕ್ಟರು ಇನ್ನೊಂದು ತೆಗೆಸದೆ, ಊತಕ್ಕೆ ಮಾತ್ರೆ ಬರೆದು ಕಳಿಸಿಬಿಟ್ಟರು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಅಕ್ಕ ಗಂಡನನ್ನು ಬಿಟ್ಟು, ಶ್ರೀರಾಂಪುರದಲ್ಲಿ ಒಂದು ಕೋಣೆ ಹಿಡಿದು, ಈ ಕೆಲಸ ಕಲಿತರು. ಇದನ್ನೆಲ್ಲ ಒಮ್ಮೆ ಮಾತ್ರ ಹೇಳಿದ್ದರು, ಅದೂ ನಾನು ಕೇಳಿದ್ದಕ್ಕೆ.

ಒಂದು ಮಧ್ಯಾಹ್ನ ಗಂಡಸೊಬ್ಬ ಹೆಂಡತಿಯನ್ನು ಕರೆತಂದ. ಅವಳ ಕೆನ್ನೆ ಊದಿ ಕಪ್ಪಿಟ್ಟಿತ್ತು, ತುಟಿಯ ಮೇಲೆ ರಕ್ತ ಒಣಗಿತ್ತು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದ. ಅವಳು ನೆಲ ನೋಡುತ್ತಿದ್ದಳು. ತಲೆಯ ಸುತ್ತ ತಿರುಗುವ ಯಂತ್ರದಲ್ಲಿ ಅಕ್ಕ ಇಡೀ ದವಡೆಯ ಚಿತ್ರ ತೆಗೆದರು. ಕೆಳದವಡೆಯ ಅಂಚು ಒಂದು ಕಡೆ ತುಂಡಾಗಿ ಏರುಪೇರಾದಂತೆ ಕಂಡಿತು. ಯಂತ್ರ ತಿರುಗುವಾಗ ರೋಗಿ ಅಲುಗಿದರೂ ಹಾಗೆ ಕಾಣುವುದುಂಟು. ಅವಳು ನಡುಗುತ್ತಿದ್ದುದನ್ನು ನಾನೇ ನೋಡಿದ್ದೆ. ಗಂಡ ಬೇರೆ ಅವಸರ ಮಾಡುತ್ತಿದ್ದ. ‘ರೋಗಿ ಅಲುಗಿದ್ದರಿಂದ ಬಂದ ದೋಷ, ಮುರಿತವಿಲ್ಲ’ ಎಂದು ಚೀಟಿ ಬರೆದೆ.

ಅಕ್ಕ ನನ್ನನ್ನು ಒಳಗೆ ಕರೆದು ಚಿತ್ರವನ್ನು ಬೆಳಕಿಗೆ ಹಿಡಿದರು. “ಅಲುಗಿದ್ರೆ ಮೇಲಿಂದ ಕೆಳಗಿನ ತನಕ ಎಲ್ಲಾ ಅಲುಗಿರ್ಬೇಕು ಡಾಕ್ಟ್ರಮ್ಮ. ಮೇಲಿನ ಹಲ್ಲು ನೋಡಿ, ನೆಟ್ಟಗವೆ. ಕೆಳಗಡೆ ಮಾತ್ರ ಯಾಕೆ ತುಂಡಾಯ್ತು?”

ಮತ್ತೆ ನೋಡಿದೆ, ಅದು ಮುರಿತವೇ. ಅಕ್ಕ ಹೊರಗೆ ಹೋಗಿ, ಮೂಳೆ ಮುರಿದಿದೆ, ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ, ಪೊಲೀಸರಿಗೂ ತಿಳಿಸುತ್ತೇವೆ ಎಂದು ಆ ಹೆಂಗಸಿಗೇ ಹೇಳಿದರು, ಗಂಡನಿಗಲ್ಲ.

ಅವನು ಚಿತ್ರಕ್ಕೆ ಕೈ ಹಾಕಿದ. ಅಕ್ಕ ಬಿಡಲಿಲ್ಲ. ಜುಟ್ಟು ಹಿಡಿದು ಅವರ ಮುಖವನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಎರಡನೇ ಸಲಕ್ಕೆ ಮೂಗು ಒಡೆದು ಗೋಡೆಗೆ ರಕ್ತ ಸಿಡಿಯಿತು. ಅಕ್ಕ ಚಿತ್ರವನ್ನು ಹೊಟ್ಟೆಯಡಿ ಇಟ್ಟುಕೊಂಡು ನೆಲಕ್ಕೆ ಬೋರಲು ಬಿದ್ದರು. ಅವನು ಅವರ ಮಣಿಕಟ್ಟನ್ನು ಬೂಟಿನಿಂದ ತುಳಿದ, ಮತ್ತೆ ತುಳಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ನಿಂತಲ್ಲೇ ನಿಂತಿದ್ದೆ. ಮೊದಲು ಎದ್ದವಳು ಅವನ ಹೆಂಡತಿ. ಕಬ್ಬಿಣದ ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ ಅವನ ಬೆನ್ನಿಗೆ ಬಡಿದಳು. ಅವನು ಮುಗ್ಗರಿಸಿದ. ಆಗ ನನ್ನ ದನಿ ಹೊರಟಿತು. ಕೆಳಗಿನ ಔಷಧಿ ಅಂಗಡಿಯವರು ಓಡಿಬಂದು ಅವನನ್ನು ಅದುಮಿ ಹಿಡಿದರು.

“ಬಚ್ಚಲಲ್ಲಿ ಬೀಳ್ಲಿಲ್ಲ,” ಎಂದಳು ಅವಳು, ಮುರಿದ ದವಡೆಯಲ್ಲೇ. “ಇವ್ನೇ ಒದ್ದಿದ್ದು.”

ಪೊಲೀಸರು ಬರುವಷ್ಟರಲ್ಲಿ ನಾನು ನನ್ನ ಚೀಟಿ ಹರಿಯಲು ಹೊರಟಿದ್ದೆ. ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದ ಅಕ್ಕ ಅದನ್ನು ಕಂಡರು. “ಹರೀಬೇಡಿ ಕಣಮ್ಮ. ಅದೂ ಇರ್ಲಿ. ತಪ್ಪಾಯ್ತು ಅಂತ ಇನ್ನೊಂದು ಬರೀರಿ.”

ಮಣಿಕಟ್ಟಿಗೆ ಎರಡು ಸಲ ಆಪರೇಷನ್ ಆಯಿತು. ಬೆರಳಲ್ಲಿ ಬಲ ಬರಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು ಹೇಳುತ್ತಿದ್ದರು, ನಾನು ಚಿತ್ರ ತೆಗೆಯುತ್ತಿದ್ದೆ. ಕೇಸು ನಡೆಯುತ್ತಿರುವಾಗಲೇ ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಬರಲಿಲ್ಲ. ಎದೆನೋವೆಂದು ಪಕ್ಕದ ಮನೆಯವರು ಆಟೋದಲ್ಲಿ ಕರೆದೊಯ್ಯುವಾಗ ದಾರಿಯಲ್ಲೇ ಜೀವ ಹೋಗಿತ್ತು.

ಕೋರ್ಟಿನಲ್ಲಿ ಅವನ ವಕೀಲರು ನನ್ನ ಮೊದಲ ಚೀಟಿಯನ್ನು ಎತ್ತಿ ತೋರಿಸಿ, ಇದು ನಿಮ್ಮ ಅಕ್ಷರವೇ ಎಂದು ಕೇಳಿದರು. ನನ್ನದೇ, ಓದಿದ್ದು ತಪ್ಪಾಗಿತ್ತು, ತಿದ್ದಿದವರು ನಮ್ಮ ಎಕ್ಸ್‌ರೇ ತೆಗೆಯುವ ಅಕ್ಕ ಎಂದೆ. ಅಷ್ಟು ಹೇಳಲು ಮೊದಲಿದ್ದ ಭಯ ಇರಲಿಲ್ಲ.

ಅವನಿಗೆ ಶಿಕ್ಷೆಯಾಯಿತು. ಹೊರಗೆ ಬಂದಾಗ ಆ ಹೆಂಗಸು, ಅಕ್ಕ ಯಾಕೆ ಬಂದಿಲ್ಲ ಎಂದು ಕೇಳಿದಳು. ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಹೇಳಿದೆ. ಅವಳು ಕೋರ್ಟಿನ ಅಂಗಳದಲ್ಲೇ ಕುಸಿದು ಕೂತಳು. ನಾನೂ ಅವಳ ಪಕ್ಕ, ಮಣ್ಣಿನ ಮೇಲೆಯೇ ಕೂತೆ.